ವಕೀಲಿ ಓದಿಗೆ ಹೊರಡುವ ಮುನ್ನ

2025ರ ಮೇ ತಿಂಗಳ ಕೊನೆಯ ಒಂದು ಸಂಜೆ, ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮಗಳನ್ನು ಕರೆದುಕೊಂಡು ಚಿತ್ರದುರ್ಗದ ನಮ್ಮ ಮನೆಗೆ ಬಂದನು. ಹುಡುಗಿ ದ್ವಿತೀಯ ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಪದವಿಗೆ ಸೇರಲು ನಿಶ್ಚಯಿಸಿದ್ದಳು. ತರಗತಿಗಳು ಆರಂಭವಾಗಲು ಇನ್ನೂ ಎರಡು ಮೂರು ತಿಂಗಳ ಬಿಡುವು ಇತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟವಳೇ, "ಸಾರ್, ಕಾಲೇಜು ಶುರುವಾಗೋದ್ರೊಳಗೆ ಏನೇನು ಓದ್ಕೊಂಡಿರ್ಬೇಕು ಹೇಳಿ" ಎಂದು ನೋಟ್ ಪುಸ್ತಕ ತೆರೆದಳು.

ನಾನು ಆಕೆಯ ತಂದೆಯ ಮುಖ ನೋಡಿದೆ. ಆತ ಕಿಟಕಿಯಾಚೆ ನೋಡುತ್ತಿದ್ದ. 1994ರ ಬೇಸಗೆಯಲ್ಲಿ, ನಾನು ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾಗ, ಇದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಆತನೂ ಕೇಳಿದ್ದ. ನಾನು ಒಂದು ಕ್ಷಣವೂ ತಡಮಾಡದೆ ಉತ್ತರ ಕೊಟ್ಟಿದ್ದೆ. ಆ ಉತ್ತರವೊಂದರಿಂದಲೇ ಆತ ವಕೀಲನಾಗದೆ ವ್ಯಾಪಾರಿಯಾದನೆಂದರೆ ಅತಿಶಯೋಕ್ತಿಯಾದೀತು. ಆದರೆ ಅದರಲ್ಲಿ ನನ್ನ ಪಾಲು ಏನೂ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆದುದರಿಂದ ಹುಡುಗಿಗೆ, "ಒಂದು ವಾರ ಬಿಟ್ಟು ಬಾರಮ್ಮ, ಯೋಚನೆ ಮಾಡಿ ಹೇಳ್ತೀನಿ" ಎಂದೆ. ಆ ಒಂದು ವಾರದಲ್ಲಿ ಮನಸ್ಸಿನಲ್ಲಿ ಓಡಾಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಮಾಜ ವಿಜ್ಞಾನದ ಮೇಷ್ಟರಿಗೆ ಯಾವ ಪ್ರಶ್ನೆ ಬಂದರೂ ಮೊದಲು ಇತಿಹಾಸಕ್ಕೇ ಕೈಹಾಕುವ ಚಾಳಿ. ಓದುಗ ಮಿತ್ರರು ಸಹಿಸಿಕೊಳ್ಳಬೇಕು.

ನಮ್ಮ ಸೀಮೆಯಿಂದ ಕಾನೂನು ಓದಲು ಹೊರಟವರಲ್ಲಿ ಎಲ್ಲರೂ ಬಲ್ಲ ಹೆಸರು ಎಸ್. ನಿಜಲಿಂಗಪ್ಪನವರದು. ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ, ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹಲುವಾಗಲಿನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವರು. ದಾವಣಗೆರೆಯಲ್ಲಿ ಆರಂಭದ ಓದು, ಚಿತ್ರದುರ್ಗದಲ್ಲಿ ಪ್ರೌಢಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಈ ಪದವಿ ಬಂದದ್ದು 1924ರಲ್ಲಿ. 1926ರಲ್ಲಿ ಕಾನೂನು ಪದವಿ ಪಡೆದು ಚಿತ್ರದುರ್ಗಕ್ಕೆ ಮರಳಿ ವಕೀಲಿ ಆರಂಭಿಸಿದರು. ಮುಂದಿನದು ಪಠ್ಯಪುಸ್ತಕದಲ್ಲೇ ಇದೆ: ಸ್ವಾತಂತ್ರ್ಯ ಹೋರಾಟ, ಸಂವಿಧಾನ ರಚನಾ ಸಭೆಯ ಸದಸ್ಯತ್ವ, 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಪದವಿ. ನಮಗೆ ಇಲ್ಲಿ ಬೇಕಾದದ್ದು 1924 ಮತ್ತು 1926ರ ನಡುವಣ ಊರು. ಅದು ಮೈಸೂರಲ್ಲ, ಬೆಂಗಳೂರೂ ಅಲ್ಲ, ಪುಣೆ.

ಚಿತ್ರದುರ್ಗದ ತರುಣನೊಬ್ಬ ಪುಣೆಗೆ ಏಕೆ ಹೋಗಬೇಕಾಗಿತ್ತು? ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಹುಟ್ಟಿತ್ತು. ಆದರೆ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದು 1948ರಲ್ಲಿ. ಉತ್ತರದಲ್ಲಿ, ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ, ಕರ್ನಾಟಕ ಕಾನೂನು ಸಂಸ್ಥೆಯ ಕಾಲೇಜು ತೆರೆದದ್ದು 1939ರಲ್ಲಿ. ಅದಕ್ಕೂ ಹಿಂದಿನವರು ಸಾಮಾನ್ಯವಾಗಿ ಮದರಾಸಿಗೋ ಮುಂಬಯಿಗೋ ಪುಣೆಗೋ ಹೋಗುತ್ತಿದ್ದರು. ಪುಣೆಯಲ್ಲಿ ಇಂಡಿಯನ್ ಲಾ ಸೊಸೈಟಿ ಎಂಬ ಸಂಸ್ಥೆ 1923ರಲ್ಲಿ ಸ್ಥಾಪನೆಗೊಂಡು, 1924ರ ಜೂನ್ ತಿಂಗಳಲ್ಲಿ ತನ್ನ ಕಾಲೇಜನ್ನು ತೆರೆಯಿತು. ನಿಜಲಿಂಗಪ್ಪನವರು ಆ ಕಾಲೇಜಿನ ಮೊಟ್ಟಮೊದಲ ವರ್ಷಗಳ ವಿದ್ಯಾರ್ಥಿ. ಕೆಲವು ವರ್ಷಗಳ ನಂತರ ಕೆಂಗಲ್ ಹನುಮಂತಯ್ಯನವರೂ ಮೈಸೂರಿನ ಮಹಾರಾಜಾ ಕಾಲೇಜಿನ ಬಿ.ಎ. ಮುಗಿಸಿ ಪುಣೆಗೇ ಹೋಗಿ ಕಾನೂನು ಓದಿದರು. ವಿಧಾನಸೌಧ ಕಟ್ಟಿಸಿದವರೂ ರಾಜ್ಯ ಒಂದಾದ ಮೇಲೆ ಅದರೊಳಗೆ ಮೊದಲು ಮುಖ್ಯಮಂತ್ರಿಯಾಗಿ ಕುಳಿತವರೂ ಕಾನೂನನ್ನು ಮರಾಠಿ ನೆಲದಲ್ಲಿ ಕಲಿತರೆಂಬುದು ನನಗೆ ಎಂದಿಗೂ ಕುತೂಹಲದ ಸಂಗತಿ.

ಆ ಕಾಲದಲ್ಲಿ ಹೊರಡುವ ಮುನ್ನಿನ ತಿಂಗಳುಗಳ ಸಿದ್ಧತೆ ಎಂದರೆ ಪುಸ್ತಕದ ಸಿದ್ಧತೆಯಾಗಿರಲು ಸಾಧ್ಯವಿರಲಿಲ್ಲ. ಮೊದಲನೆಯದು ಹಣ. ಬಿ.ಎ. ಆದವನಿಗೆ ಗುಮಾಸ್ತಗಿರಿಯೋ ಮೇಷ್ಟರ ಕೆಲಸವೋ ಕೈಗೆಟಕುವಂತಿದ್ದ ಕಾಲ. ಅದನ್ನು ಬಿಟ್ಟು ಇನ್ನೆರಡು ವರ್ಷ ಪರಸ್ಥಳದಲ್ಲಿ ಉಣ್ಣುವ ಖರ್ಚನ್ನು ಮನೆಯವರು ಹೊರಬೇಕು. ಎರಡನೆಯದು ದೂರ. ಚಿತ್ರದುರ್ಗದಿಂದ ಕವಲು ಹಳಿಯ ರೈಲು ಹಿಡಿದು ಚಿಕ್ಕಜಾಜೂರಿಗೆ ಬಂದರೆ ಬೆಂಗಳೂರು–ಪುಣೆ ಮೀಟರ್‌ಗೇಜ್ ದಾರಿ ಸಿಗುತ್ತಿತ್ತು; ಅಲ್ಲಿಂದ ದಾವಣಗೆರೆ, ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಪುಣೆ. ಹೊಳಲ್ಕೆರೆ ತಾಲ್ಲೂಕಿನ ಆ ಚಿಕ್ಕಜಾಜೂರು ಜಂಕ್ಷನ್ ನಮ್ಮ ಜಿಲ್ಲೆಯವರಿಗೆ ಹೊರಜಗತ್ತಿನ ಹೊಸ್ತಿಲಾಗಿತ್ತು. ಇನ್ನು ಭಾಷೆ. ಪಾಠ ಇಂಗ್ಲಿಷಿನಲ್ಲಿ, ಬೀದಿ ಮರಾಠಿಯಲ್ಲಿ, ಮನಸ್ಸಿನೊಳಗಿನ ಮಾತು ಕನ್ನಡದಲ್ಲಿ.

ಇಲ್ಲೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ಪುಣೆಯ ಆ ಕಾಲೇಜಿನ ಮೊದಲ ಪ್ರಾಂಶುಪಾಲರು ಜೆ.ಆರ್. ಘಾರ್ಪುರೆ ಎಂಬ ವಿದ್ವಾಂಸರು. ಹಿಂದೂ ಧರ್ಮಶಾಸ್ತ್ರದ ಮೂಲಗ್ರಂಥಗಳನ್ನು ಸಂಪಾದಿಸಿ ಇಂಗ್ಲಿಷಿಗೆ ತಂದವರು. ಹಿಂದೂ ಕಾನೂನಿನ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಲಾರದ ಗ್ರಂಥ ಮಿತಾಕ್ಷರ. ಬಂಗಾಳದ ಕಡೆ ದಾಯಭಾಗವೆಂಬ ಬೇರೆ ಪದ್ಧತಿ ಇತ್ತೆನ್ನುವುದನ್ನು ಬಿಟ್ಟರೆ, ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹೇಗೆ ಪಾಲಾಗಬೇಕೆಂಬುದನ್ನು ನಿರ್ಣಯಿಸಿದ್ದು ಈ ಗ್ರಂಥ. ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಆ ದೊರೆಯ ಆಳ್ವಿಕೆ 1076ರಿಂದ 1126ರವರೆಗೆ. ಕಲ್ಯಾಣವೆಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದರ ದಾಯವಿಭಾಗದ ಭಾಗವನ್ನು ಕೋಲ್‌ಬ್ರೂಕ್ ಎಂಬ ಆಂಗ್ಲ ಅಧಿಕಾರಿ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದನು. ಕನ್ನಡ ನೆಲದಲ್ಲಿ ಬರೆದದ್ದನ್ನು ಕನ್ನಡದ ಹುಡುಗ ಪುಣೆಗೆ ಹೋಗಿ ಇಂಗ್ಲಿಷಿನಲ್ಲಿ ಓದಬೇಕಾಯಿತು! ತನ್ನ ಹಟ್ಟಿಯಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಹಿರಿಯರು ಆಡಿದ ಮಾತೇ ಅದೆಂದು ಆ ಹುಡುಗನಿಗೆ ಹೊರಡುವ ಮುನ್ನ ಯಾರಾದರೂ ಹೇಳಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತಿತ್ತು.

ಹೊರಗಿನವರ ಕಥೆಯೂ ಹೀಗೆಯೇ. ಗಾಂಧೀಜಿ ಬ್ಯಾರಿಸ್ಟರ್ ಓದಿಗೆ ಹೊರಟ 1888ರ ಆ ತಿಂಗಳುಗಳನ್ನು ಅವರ ಆತ್ಮಕಥೆಯಲ್ಲಿ ಓದಿದವರಿಗೆ ನೆನಪಿರಬಹುದು. ಭಾವನಗರದ ಕಾಲೇಜಿನಲ್ಲಿ ಪಾಠ ತಲೆಗೆ ಹತ್ತದೆ ಊರಿಗೆ ಬಂದ ಹುಡುಗನಿಗೆ ಮನೆಯ ಹಿತೈಷಿ ಮಾವಜಿ ದವೆ ಇಂಗ್ಲೆಂಡಿನ ದಾರಿ ತೋರಿಸಿದರು. ಹಣದ ಸಹಾಯ ಕೇಳಲು ಎತ್ತಿನ ಗಾಡಿಯಲ್ಲಿ ಧೋರಾಜಿಗೆ, ಅಲ್ಲಿಂದ ಒಂಟೆಯ ಮೇಲೆ ಪೋರಬಂದರಿಗೆ ಹೋದರೆ ಅಲ್ಲಿನ ಆಡಳಿತಾಧಿಕಾರಿ ಲೇಲಿ, ಮೊದಲು ಬಿ.ಎ. ಮುಗಿಸಿ ಬಾ ಎಂದು ನಿಂತ ನಿಲುವಿನಲ್ಲೇ ಕಳುಹಿಸಿಬಿಟ್ಟ. ತಾಯಿಗೆ ವಚನ ಕೊಟ್ಟದ್ದು, ಮುಂಬಯಿಯಲ್ಲಿ ಜಾತಿಯವರಿಂದ ಬಹಿಷ್ಕಾರ, ಕಡೆಗೆ ಸೆಪ್ಟೆಂಬರ್ 4ರಂದು ಹಡಗು. ಅಷ್ಟು ತಿಂಗಳ ಗಡಿಬಿಡಿಯಲ್ಲಿ ಕಾನೂನಿನ ಒಂದು ಹಾಳೆಯನ್ನೂ ಅವರು ತೆರೆದಂತೆ ಕಾಣುವುದಿಲ್ಲ. ಓದು ಲಂಡನ್ನಿನಲ್ಲೇ ಆಯಿತು. ಲ್ಯಾಟಿನ್ ಕಲಿತು ರೋಮನ್ ಕಾನೂನನ್ನು ಆ ಭಾಷೆಯಲ್ಲೇ ಓದಿದ್ದು ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಅವರ ಉಪಯೋಗಕ್ಕೆ ಬಂತು. ಅಮೆರಿಕದ ಲಿಂಕನ್ ಕಾಲೇಜಿನ ಮೆಟ್ಟಿಲನ್ನೇ ಹತ್ತಲಿಲ್ಲ. ವಕೀಲಿ ಕಲಿಯಬಯಸಿದ ತರುಣನೊಬ್ಬನಿಗೆ 1855ರಲ್ಲಿ ಬರೆದ ಪತ್ರದಲ್ಲಿ, ಓದುವುದಕ್ಕೆ ದೊಡ್ಡ ಪಟ್ಟಣವೇ ಬೇಕೆಂದಿಲ್ಲ, ತಾನು ಓದಿದ್ದು ಮುನ್ನೂರು ಜನರೂ ಇಲ್ಲದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಎಂಬ ಅಭಿಪ್ರಾಯ ತಿಳಿಸಿದ್ದಾನೆ. ನಮ್ಮ ಹೊಸದುರ್ಗದ ಯಾವ ಹಳ್ಳಿಯಾದರೂ ನ್ಯೂ ಸೇಲಂಗಿಂತ ದೊಡ್ಡದೇ.

ಅದಿರಲಿ. ನನ್ನ ಕಥೆಗೆ ಬರುತ್ತೇನೆ, ಏಕೆಂದರೆ ನಾನೂ ಒಂದು ಕಾಲದಲ್ಲಿ ಹೊರಟವನೇ.

ನಮ್ಮದು ಹೊಸದುರ್ಗ ತಾಲ್ಲೂಕಿನ ಗೇಣಿದಾರರ ಮನೆ. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆ ಬಂದು, ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವೆಂದೂ ಉಳುವವನು ಅರ್ಜಿ ಹಾಕಿಕೊಂಡು ಹಕ್ಕು ಪಡೆಯಬೇಕೆಂದೂ ಆಯಿತು. ಆ ಅರ್ಜಿಯೇ ಹಳ್ಳಿಗರ ಬಾಯಲ್ಲಿ "ಫಾರಂ ನಂಬರ್ ಏಳು". ಅರ್ಜಿಯ ಗಡುವು ಹಲವು ಸಲ ಮುಂದಕ್ಕೆ ಹೋಗಿ ಕಡೆಗೆ 1979ರ ಜೂನ್ 30ಕ್ಕೆ ನಿಂತಿತು. ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂಬ ನಿಯಮ ಆಗ ಕಾಯಿದೆಯಲ್ಲೇ ಇತ್ತು. ಬಡ ಗೇಣಿದಾರನಿಗೆ ಎದುರಾಗಿ ಧಣಿಯ ವಕೀಲ ನಿಲ್ಲಬಾರದೆಂಬ ಒಳ್ಳೆಯ ಉದ್ದೇಶವಿದ್ದೀತು. ಆದರೆ ಓದುಬರಹ ಬಾರದ ರೈತ ತಾನೇ ಹೇಳಿಕೊಳ್ಳಬೇಕಲ್ಲ! 1979ರ ಜೂನ್ ತಿಂಗಳಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದವನು, ನಮ್ಮ ಜಗಲಿಯ ಮೇಲೆ ಕುಳಿತು ಹದಿನಾಲ್ಕು ಮನೆಯವರ ಫಾರಂ ಬರೆದುಕೊಟ್ಟೆ. ಸರ್ವೆ ನಂಬರು, ವಿಸ್ತೀರ್ಣ, ಎಷ್ಟು ವರ್ಷದಿಂದ ಉಳುಮೆ, ಗೇಣಿ ಎಷ್ಟು ಪಲ್ಲ, ರಸೀದಿ ಉಂಟೇ ಇಲ್ಲವೇ. ರಸೀದಿ ಯಾರ ಬಳಿಯೂ ಇರಲಿಲ್ಲ. "ಧಣಿ ಹತ್ರ ರಸೀದಿ ಕೇಳೋಕಾಗುತ್ತೇನಪ್ಪ?" ಎಂದು ಒಬ್ಬ ಮುದುಕ ನನ್ನನ್ನೇ ಕೇಳಿದ. ವಕೀಲನಾಗಬೇಕೆಂಬ ಆಸೆ ಹುಟ್ಟಿದ್ದು ಆ ಜಗಲಿಯ ಮೇಲೆ.

ಮರುವರ್ಷ, 1980ರಲ್ಲಿ ಬಿ.ಎ. ಮುಗಿಯಿತು. 1961ರ ವಕೀಲರ ಕಾಯಿದೆಯ ಪ್ರಕಾರ, 1967ರ ನಂತರ ಪದವೀಧರರಿಗೆ ಕಾನೂನು ಓದು ಮೂರು ವರ್ಷದ್ದಾಗಿತ್ತು. ನಿಜಲಿಂಗಪ್ಪನವರ ಕಾಲದ ಎರಡು ವರ್ಷವಲ್ಲ. ತರಗತಿ ಆರಂಭವಾಗುವವರೆಗೆ ಚಿತ್ರದುರ್ಗದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಇರಲು ನಮ್ಮ ತಂದೆಯ ಪರಿಚಿತರೊಬ್ಬರು ಏರ್ಪಾಡು ಮಾಡಿದರು. ಕೆಳಗೋಟೆಯಲ್ಲಿ ಗೆಳೆಯನ ಕೋಣೆ, ಹಗಲೆಲ್ಲ ಕಚೇರಿ. ಕೋಟೆಯ ಬಂಡೆಗಳು ಕಾದು ರಾತ್ರಿ ಹತ್ತಾದರೂ ಊರು ತಣ್ಣಗಾಗದ ಬೇಸಗೆ ಅದು. ಸಿವಿಲ್ ನ್ಯಾಯಾಲಯಗಳಿಗೆ ರಜೆಯಾದ್ದರಿಂದ ವಕೀಲರಿಗೆ ಬಿಡುವಿತ್ತು. ಅವರು ನನಗೆ ಒಂದೂ ಕಾನೂನು ಪುಸ್ತಕ ಕೊಡಲಿಲ್ಲ. ಕಪಾಟಿನ ಮೇಲಿನ ಧೂಳು ಹಿಡಿದ ಕಟ್ಟುಗಳನ್ನು ಇಳಿಸಿ, "ಇವನ್ನ ಓದಿ, ಚಕ್ಕುಬಂದಿ ನೋಡ್ಕೊಂಡು ನಕ್ಷೆ ಬರಿಯಪ್ಪ" ಎಂದರು.

ನನಗೆ ಮೊದಲ ದಿನ ಅವಮಾನವೆನಿಸಿತು. ಬಿ.ಎ. ಪದವೀಧರನಿಗೆ ನಕ್ಷೆ ಬರೆಯುವ ಕೆಲಸವೇ? ಆದರೆ ಎರಡನೆಯ ದಿನ ತಿಳಿಯಿತು, ಆ ಕ್ರಯಪತ್ರಗಳು ನನಗೆ ಅರ್ಥವೇ ಆಗುತ್ತಿಲ್ಲವೆಂದು. ಕನ್ನಡದಲ್ಲೇ ಇದ್ದವು, ಆದರೆ ಅದು ಬೇರೆ ಕನ್ನಡ. ದಾವಾ, ತಕರಾರು, ಕೈಫಿಯತ್ತು, ಮುಚ್ಚಳಿಕೆ, ವಕಾಲತ್ತು, ಅಮಲ್ಜಾರಿ, ಹಿಸ್ಸೆ, ಪಹಣಿ. ಹೈದರಾಲಿಯ ಕಾಲದಿಂದಲೋ ಅದಕ್ಕೂ ಹಿಂದಿನಿಂದಲೋ ಉಳಿದು ಬಂದ ಫಾರಸಿ ಮಾತುಗಳು ಕಾಲುಭಾಗ. ಶಾನುಭೋಗರ ಮೋಡಿಯಂಥ ಕೂಡಕ್ಷರ ಇನ್ನೊಂದು ಭಾಗ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಬರೆಯಿಸಿಕೊಡುವವನದೇ ಉಳಿದ ಜಮೀನು ಎಂದು ಬರೆದಿದ್ದರೆ, ಮೂವತ್ತು ವರ್ಷದಲ್ಲಿ ಹಳ್ಳ ಪಕ್ಕಕ್ಕೆ ಸರಿದಿರುತ್ತದೆ, ಬಂಡಿದಾರಿ ಯಾರದೋ ಹೊಲದಲ್ಲಿ ಕರಗಿರುತ್ತದೆ. ಜಗಳವೆಲ್ಲ ಅಲ್ಲಿಯೇ. ನಾನು ನಕ್ಷೆ ಬರೆದು ತೋರಿಸಿದಾಗಲೆಲ್ಲ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದರಲ್ಲಿ ಯಾರ ಹೆಸರು ಇಲ್ಲ?" ಯಾರ ಹೆಸರು ಇದೆ ಎಂದಲ್ಲ. ಮೈನರ್ ಆಗಿದ್ದ ತಮ್ಮನ ಹೆಸರು, ಊರು ಬಿಟ್ಟು ಹೋದ ಚಿಕ್ಕಪ್ಪನ ಹೆಸರು, ವಿಧವೆಯಾದ ಅತ್ತಿಗೆಯ ಹೆಸರು. ಇಲ್ಲದ ಹೆಸರಿನವರೇ ಇಪ್ಪತ್ತು ವರ್ಷದ ಮೇಲೆ ದಾವಾ ಹೂಡುತ್ತಾರೆ ಎನ್ನುತ್ತಿದ್ದರು.

ಜೂನ್ ಬಂತು. ಆ ವರ್ಷ ಊರಿನ ಬಾವಿ ತಳ ಕಂಡಿತ್ತು. ತಂದೆ ಬಾವಿ ಇಳಿಸಲು ಸಾಲ ಮಾಡಿದ್ದರು. ಬೆಂಗಳೂರಿನಲ್ಲಿ ಮೂರು ವರ್ಷ ಉಣ್ಣಿಸುವ ಮಾತೇ ಇರಲಿಲ್ಲ. ಬಿ.ಎಡ್. ಒಂದು ವರ್ಷ, ಆಮೇಲೆ ನೌಕರಿ. ನಾನು ಆ ದಾರಿ ಹಿಡಿದೆ. ಅದಕ್ಕೆ ಇಂದು ನನಗೆ ವಿಷಾದವಿಲ್ಲ. ಮೂವತ್ತೈದಕ್ಕೂ ಹೆಚ್ಚು ವರ್ಷ ಮಕ್ಕಳೊಡನೆ ಕಳೆದವನು ದೂರುವುದಕ್ಕೆ ಏನಿದೆ?

ವಿಷಾದವಿರುವುದು 1994ರ ಬಗ್ಗೆ. ಅಷ್ಟು ವರ್ಷಗಳ ಮೇಷ್ಟರಿಕೆಯಲ್ಲಿ ನಾನು ಆ ಕಟ್ಟುಗಳನ್ನೂ ಆ ಪ್ರಶ್ನೆಯನ್ನೂ ಪೂರ್ತಿ ಮರೆತುಬಿಟ್ಟಿದ್ದೆ. ಮೇಷ್ಟರಿಗೆ ತಿಳಿದ ಸಿದ್ಧತೆ ಒಂದೇ, ಬಾಯಿಪಾಠ. ಆ ಹುಡುಗನಿಗೆ ಅಪಾರ ನೆನಪಿನ ಶಕ್ತಿ ಇತ್ತು. ಹತ್ತನೆಯ ತರಗತಿಯಲ್ಲಿ ಇಸವಿಗಳನ್ನು ಮಂತ್ರದಂತೆ ಒಪ್ಪಿಸುತ್ತಿದ್ದ. "ಭಾರತೀಯ ದಂಡ ಸಂಹಿತೆಯ ಕಲಮುಗಳನ್ನೆಲ್ಲ ಕಲಿತುಕೊಂಡು ಹೋಗು, ಅಲ್ಲಿ ನಿನ್ನನ್ನು ಮೀರಿಸುವವರು ಯಾರೂ ಇರೋದಿಲ್ಲ" ಎಂದೆ. ಪೇಟೆಯಿಂದ ಒಂದು ಗೈಡು ತರಿಸಿಯೂ ಕೊಟ್ಟೆ. 511 ಕಲಮು. ಹುಡುಗ ತೆಂಗಿನ ತೋಟಕ್ಕೆ ನೀರು ಹಾಯಿಸುತ್ತ ಅಷ್ಟನ್ನೂ ಕಲಿತ. ಜೂನ್ ಕೊನೆಯಲ್ಲಿ ನಮ್ಮ ಮನೆಯ ಮುಂದೆ ನಿಂತು ನಾನು ಅಂಕಿ ಹೇಳಿದರೆ ಆತ ಅಪರಾಧ ಹೇಳುತ್ತಿದ್ದ. ನನಗೆ ಹೆಮ್ಮೆಯೋ ಹೆಮ್ಮೆ.

ಐದು ವರ್ಷದ ಕಾನೂನು ಓದಿನಲ್ಲಿ ಮೊದಲ ವರ್ಷ ದಂಡ ಸಂಹಿತೆ ಇರುವುದಿಲ್ಲವೆಂಬ ಸಣ್ಣ ಸಂಗತಿಯೂ ನನಗೆ ತಿಳಿದಿರಲಿಲ್ಲ. ಇಂಗ್ಲಿಷ್, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಿಂದಲೇ ಅಲ್ಲಿ ಆರಂಭ. ಕನ್ನಡ ಮಾಧ್ಯಮದಿಂದ ಹೋದವನು ಇಂಗ್ಲಿಷ್ ಉಪನ್ಯಾಸದ ಮುಂದೆ ಮೂಕನಾಗಿ ಕುಳಿತ. ದಸರಾ ರಜೆಗೆ ಬಂದವನು ಮರಳಿ ಹೋಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆಂದು ತಿಳಿದು ಹುಡುಕಿಕೊಂಡು ಹೋದೆ. ಆತ ಎದ್ದು ನಿಂತು, "ನೀವು ಹೇಳಿದ್ದೆಲ್ಲ ಕಲ್ತಿದ್ದೆ ಸಾರ್. ಅಲ್ಲಿ ಯಾರೂ ಅದನ್ನ ಕೇಳಲೇ ಇಲ್ಲ" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಇನ್ನೊಂದು ವರ್ಷ ನೋಡೋಣವೆಂದು ನಾನು ಎಷ್ಟು ಹೇಳಿದರೂ ಆತ ಒಪ್ಪಲಿಲ್ಲ. ಮುಂದೆ ಸಂಬಂಧ ಬೆಳೆದು ಹೊಳಲ್ಕೆರೆ ಕಡೆಗೆ ಹೋಗಿ ಅಡಿಕೆ ವ್ಯಾಪಾರದಲ್ಲಿ ನೆಲೆನಿಂತ.

ಆ ಪೆಟ್ಟಿನ ನಂತರ ನಾನು ಒಂದು ಕೆಲಸ ಮಾಡಿದೆ. ಹಿರಿಯೂರಿಗೆ ವರ್ಗವಾಗಿ ಹೋದ ಮೇಲೆ, ಪ್ರತಿವರ್ಷ ಹತ್ತನೆಯ ತರಗತಿಯ ಏಳೆಂಟು ಮಕ್ಕಳನ್ನು ಒಂದು ದಿನ ಅಲ್ಲಿನ ನ್ಯಾಯಾಲಯಕ್ಕೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದೆ. ನ್ಯಾಯಾಲಯ ತೆರೆದ ಬಾಗಿಲಿನದು, ಗಲಾಟೆ ಮಾಡದಿದ್ದರೆ ಯಾರು ಬೇಕಾದರೂ ಕುಳಿತು ನೋಡಬಹುದು ಎಂಬುದು ನಮ್ಮ ಎಷ್ಟೋ ಓದಿದವರಿಗೂ ತಿಳಿಯದು. ಹಿರಿಯೂರೆಂದರೆ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರದ ನಾಲೆಯ ನೀರು. ನೀರೆಂದ ಮೇಲೆ ತಕರಾರು. ಒಮ್ಮೆ ಪಾಟೀಸವಾಲಿನಲ್ಲಿ ವಕೀಲರು ರೈತನೊಬ್ಬನನ್ನು, ಆ ರಾತ್ರಿ ತೂಬು ತೆರೆದದ್ದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದರು. ಆತ "ನೀರಿನ ಸದ್ದು ಕೇಳಿಸ್ತು ಸ್ವಾಮಿ" ಎಂದ. "ನಿನ್ನ ಮನೆಗೂ ತೂಬಿಗೂ ಎಷ್ಟು ದೂರ?" ಹೊರಗೆ ಬಂದ ಮೇಲೆ ಮಕ್ಕಳು ಆ ಒಂದು ಪ್ರಶ್ನೆಯ ಬಗ್ಗೆ ಬಸ್ ನಿಲ್ದಾಣದವರೆಗೂ ವಾದಿಸಿದರು. ಗಾಳಿ ಯಾವ ಕಡೆಗಿತ್ತು, ಮಳೆ ಬಂದಿತ್ತೋ, ಕಪ್ಪೆಗಳು ಕೂಗುತ್ತಿದ್ದವೋ! ನನ್ನ ಪೌರನೀತಿಯ ನಲವತ್ತು ಪಾಠಗಳಲ್ಲಿ ಅವರು ಅಷ್ಟು ಮಾತಾಡಿರಲಿಲ್ಲ.

ಇಂದಿನ ಮಕ್ಕಳ ಮುಂದೆ ಬೇರೆಯೇ ಬೆಟ್ಟವಿದೆ. 1986ರ ಕಾಯಿದೆಯಿಂದ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಪಾಠ ಆರಂಭಿಸಿ ದೇಶಕ್ಕೇ ಮಾದರಿಯಾಯಿತು. ಇಂಥ ಹಲವು ರಾಷ್ಟ್ರೀಯ ಶಾಲೆಗಳಿಗೆ ಸೇರಿ 2008ರಿಂದ ಕ್ಲಾಟ್ ಎಂಬ ಒಂದೇ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಅದು ಇಂಗ್ಲಿಷಿನಲ್ಲಿ. 2020ರಿಂದ ಅದರ ರೂಪ ಬದಲಾಗಿ, ಉದ್ದನೆಯ ಗದ್ಯಭಾಗಗಳನ್ನು ಕೊಟ್ಟು ಓದಿ ಗ್ರಹಿಸುವ ಶಕ್ತಿಯನ್ನೇ ಪರೀಕ್ಷಿಸುತ್ತಾರೆ. ಪೇಟೆಯಲ್ಲಿ ಎರಡು ವರ್ಷ ಕೋಚಿಂಗ್ ಪಡೆದವರ ಜೊತೆ ನಮ್ಮ ಹಳ್ಳಿಯ ಮಕ್ಕಳು ಓಡಬೇಕು. ನಮ್ಮ ಹುಡುಗಿ ಆ ಪರೀಕ್ಷೆಗೆ ಕೂರಲಿಲ್ಲ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದನ್ನು ಆಯ್ದುಕೊಂಡಿದ್ದಳು. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 1994ರಲ್ಲಿ ಆಕೆಯ ತಂದೆ ಮೂಕನಾಗಿ ಕುಳಿತದ್ದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ವಾರ ಕಳೆದು ಅಪ್ಪ ಮಗಳು ಮತ್ತೆ ಬಂದರು. ಕೈಯಲ್ಲಿ ದಂಡ ಸಂಹಿತೆಯ ಗೈಡು ಇತ್ತು, ಯಾರೋ ನೆಂಟರು ಕೊಟ್ಟದ್ದು. ನೋಡಿದರೆ ಹಳೆಯದು. 1860ರ ಆ ಸಂಹಿತೆ 2024ರ ಜೂನ್ 30ಕ್ಕೆ ಮುಗಿದು, ಜುಲೈ 1ರಿಂದ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಯ 302 ಹೋಗಿ 103 ಆಯಿತು. ವಂಚನೆಯ ನಾನೂರಿಪ್ಪತ್ತು 318ರೊಳಗೆ ಸೇರಿತು. ಇದನ್ನು ಹೇಳಿದಾಗ ಆಕೆಯ ತಂದೆ ಮೊದಲ ಬಾರಿಗೆ ನಕ್ಕ. "ನಂಗೆ ಇನ್ನೂ ಮುನ್ನೂರು ಕಲಮು ನೆನಪಿದೆ ಸಾರ್. ಅಷ್ಟೂ ವೇಸ್ಟಾಯ್ತು ನೋಡಿ." ನಾನೂ ನಕ್ಕೆ. ಮೂವತ್ತೊಂದು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಎತ್ತಿದ್ದು ಅದೇ ಮೊದಲು. "ತಪ್ಪು ನಂದಪ್ಪ" ಎಂದೆ. ಆತ, "ಬಿಡಿ ಸಾರ್, ಇವಳಿಗೆ ಸರಿಯಾಗಿ ಹೇಳಿ" ಎಂದ.

ಹುಡುಗಿಗೆ ಹೇಳಿದ್ದು ಇಷ್ಟೆ. ಇಂಗ್ಲಿಷ್ ಪತ್ರಿಕೆಯಲ್ಲಿ ಬರುವ ನ್ಯಾಯಾಲಯದ ಒಂದು ವರದಿಯನ್ನು ದಿನಾ ಗಟ್ಟಿಯಾಗಿ ಓದಿ, ಏನಾಯಿತೆಂದು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅಮ್ಮನಿಗೆ ಅರ್ಥವಾಗದಿದ್ದರೆ ತನಗೂ ಆಗಿಲ್ಲವೆಂದೇ ಲೆಕ್ಕ. ಸಂವಿಧಾನದ ಕನ್ನಡ ಪ್ರತಿಯಲ್ಲಿ ಮೂಲಭೂತ ಹಕ್ಕುಗಳ ಭಾಗವನ್ನು ಓದಬೇಕು, ಕಲಿಯಬಾರದು. ರಜೆ ಮುಗಿದ ಮೇಲೆ ಹೊಳಲ್ಕೆರೆಯ ನ್ಯಾಯಾಲಯದಲ್ಲಿ ನಾಲ್ಕು ದಿನ ಹಿಂದಿನ ಬೆಂಚಿನಲ್ಲಿ ಕೂರಬೇಕು. ಕೊನೆಯದಾಗಿ, ಮನೆಯಲ್ಲಿ ಹಳೆಯ ಕಾಗದಪತ್ರದ ಟ್ರಂಕು ಇದ್ದರೆ ಇಳಿಸಿ, ಒಂದೊಂದನ್ನೇ ಓದಿ, ನಕ್ಷೆ ಬರೆದು, ಯಾರ ಹೆಸರು ಇಲ್ಲವೆಂದು ಪಟ್ಟಿ ಮಾಡಬೇಕು. ಅವಳು ಎಲ್ಲವನ್ನೂ ಬರೆದುಕೊಂಡಳು. ಕೊನೆಯದು ಅವಳಿಗೆ ಅಷ್ಟಾಗಿ ರುಚಿಸಲಿಲ್ಲವೆಂದು ಮುಖವೇ ಹೇಳುತ್ತಿತ್ತು. 1980ರ ನನ್ನ ಮುಖವೂ ಹಾಗೆಯೇ ಇದ್ದೀತು.

ಜುಲೈ ನಡುವಿನಲ್ಲಿ ಫೋನ್ ಬಂತು. ಅವರ ಮನೆಯ ಟ್ರಂಕಿನಲ್ಲಿ ಅಜ್ಜಿಯ, ಎಂದರೆ ತಂದೆಯ ತಾಯಿಯ, ತವರಿನ ಪಾಲುಪಟ್ಟಿಯ ನಕಲೊಂದು ಸಿಕ್ಕಿತ್ತಂತೆ. ಅಜ್ಜಿಯ ತಂದೆ ತೀರಿಕೊಂಡದ್ದು 1968ರಲ್ಲಿ, ಪಾಲಾದದ್ದು 1971ರಲ್ಲಿ. ಮೂವರು ಗಂಡುಮಕ್ಕಳ ಹೆಸರು, ಸರ್ವೆ ನಂಬರು, ಬಾವಿಯ ನೀರಿನ ಸರದಿ, ಹುಣಸೆಮರದ ಫಸಲು, ಕೊಟ್ಟಿಗೆಯ ಜಂತೆಗಳ ಎಣಿಕೆಯೂ ಇದೆ. "ಸಾರ್, ಜಂತೆ ಎಷ್ಟು ಅಂತ ಬರೆದಿದ್ದಾರೆ. ಅಜ್ಜಿ ಹೆಸರೇ ಇಲ್ಲ. ಯಾಕೆ?"

ಫೋನಿನಲ್ಲಿ ಒಂದು ಗಂಟೆ ಮಾತಾಡಿದೆ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕೆಂಬ ಮಿತಾಕ್ಷರದ ಮಾತು ಗಂಡುಮಕ್ಕಳಿಗೆ ಮಾತ್ರ ಅನ್ವಯಿಸಿ ಬಂದದ್ದು. ಮೈಸೂರು ಸಂಸ್ಥಾನ ದೇಶಕ್ಕೆ ಮುಂಚೆಯೇ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಮಾಡಿದ್ದು. 1956ರ ಉತ್ತರಾಧಿಕಾರ ಕಾಯಿದೆ ಸತ್ತ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೂ ಹಕ್ಕು ಕೊಟ್ಟದ್ದು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳೆಂದದ್ದು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಅದನ್ನು ಬಿಡಿಸಿ ಹೇಳಿದ್ದು. 1994 ಎಂದಾಗ ನನ್ನ ನಾಲಿಗೆ ಒಂದು ಗಳಿಗೆ ತಡವರಿಸಿತು. ಆಕೆಯ ತಂದೆಗೆ ನಾನು ಕಲಮುಗಳ ಅಂಕಿ ಒಪ್ಪಿಸಲು ಹೇಳುತ್ತಿದ್ದ ಅದೇ ಬೇಸಗೆ ಮಳೆಗಾಲದಲ್ಲಿ, ಆ ಕಾಯಿದೆ ಬಂದಿತ್ತು. "ಹಾಗಾದ್ರೆ 1971ರಲ್ಲೇ ಅಜ್ಜಿಗೆ ಅವರ ಅಪ್ಪನ ಪಾಲಲ್ಲಿ ಸ್ವಲ್ಪ ಬರಬೇಕಿತ್ತಲ್ವಾ ಸಾರ್?" ಎಂದಳು. ಬರಬೇಕಾಗಿತ್ತೆಂದೇ ನನಗೂ ತೋರುತ್ತದೆ, ಆದರೆ ನಾನು ವಕೀಲನಲ್ಲ, ಇದನ್ನು ನಿನ್ನ ಮೇಷ್ಟರನ್ನು ಕೇಳು ಎಂದೆ.

ಅಜ್ಜಿಯನ್ನೂ ಕೇಳಿದಳಂತೆ. ಆಕೆಗೆ ಎಂಬತ್ತು ದಾಟಿದೆ, ಕಿವಿ ಮಂದ. "ಅರಿಶಿನ ಕುಂಕುಮಕ್ಕೆ ಅಂತ ವರ್ಷಾ ಸೀರೆ ಕೊಡ್ತಿದ್ರಲ್ಲ ಕಣವ್ವ. ಅಣ್ಣತಮ್ಮದೀರ ಹತ್ರ ಹೆಸರು ಕೇಳಕಾಗುತ್ತಾ?" ಎಂದರಂತೆ. ನಮ್ಮ ಜಗಲಿಯ ಮೇಲೆ 1979ರಲ್ಲಿ ಆ ಮುದುಕ ಆಡಿದ ಮಾತೇ ಬೇರೆ ದನಿಯಲ್ಲಿ ಕೇಳಿದಂತಾಯಿತು.

ಆಗಸ್ಟಿನಲ್ಲಿ ಹುಡುಗಿ ಕಾಲೇಜಿಗೆ ಹೊರಟಳು. ಹಿಂದಿನ ದಿನ ಹೊಳಲ್ಕೆರೆಯಲ್ಲಿ ಆ ಪಾಲುಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಫೈಲಿನಲ್ಲಿ ಇಟ್ಟುಕೊಂಡಳಂತೆ. ಅಜ್ಜಿ ಮೂಲ ಕಾಗದವನ್ನು ತಾವೇ ಮಡಿಚಿ, ಸೀರೆಗಳ ಕೆಳಗೆ, ಟ್ರಂಕಿನ ತಳದಲ್ಲಿ ಇಟ್ಟು ಬೀಗ ಹಾಕಿದರು ಎಂದು ಆಕೆಯ ತಂದೆ ಫೋನಿನಲ್ಲಿ ಹೇಳಿದ.